ಆಕಾಶದ ಲೆಕ್ಕ ಒಪ್ಪಿಸುವ ಸಮ್ಮೇಳನಗಳು

ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಸಮ್ಮೇಳನವೆಂದರೆ ಎರಡು ಮೂರು ಬಗೆಯವು ಮಾತ್ರ ಗೊತ್ತು. ಸಮಾಜದ ಅಧಿವೇಶನ, ವಧು-ವರರ ಮೇಳಾವಾ, ವ್ಯಾಪಾರಿ ಸಂಘದ ವಾರ್ಷಿಕ ಸಭೆ. ಅಲ್ಲಿ ಶಾಲು-ಶ್ರೀಫಲ, ಹಾರ, ಸ್ವಾಗತ ಭಾಷಣ, ಆಭಾರ ಮನ್ನಣೆ ಇರುತ್ತವೆ. ಊಟ ಚೆನ್ನಾಗಿದ್ದರೆ ಸಭೆಯೂ ಚೆನ್ನಾಗಿ ಆಯಿತೆಂದು ಹೇಳುತ್ತ ಮನೆಗೆ ಬರುತ್ತೇವೆ. ಈಗ ನಮ್ಮ ಮಕ್ಕಳು ದೊಡ್ಡ ಓದಿಗೆ ಹೋದ ಮೇಲೆ ಇದೇ ಶಬ್ದ ಬೇರೆ ಅರ್ಥ ಹೊತ್ತು ಮನೆಯೊಳಗೆ ಬಂದಿದೆ. ‘ಸಮ್ಮೇಳನಕ್ಕೆ ಹೋಗಬೇಕು’ ಎಂದು ಮಗನೋ ಮಗಳೋ ಫೋನು ಮಾಡಿದರೆ ನಾವು ಕೇಳುವ ಮೊದಲ ಪ್ರಶ್ನೆ ಖರ್ಚೆಷ್ಟು ಎಂಬುದು. ಎರಡನೆಯದು, ಜೊತೆಗೆ ಯಾರು. ಮೂರನೆಯದು, ಹೋಗದಿದ್ದರೆ ನಡೆಯುವುದಿಲ್ಲವೇ. ಅಲ್ಲಿ ಏನು ನಡೆಯುತ್ತದೆ ಎಂದು ಕೇಳುವವರು ಕಡಿಮೆ. ಆ ನಾಲ್ಕನೆಯ ಪ್ರಶ್ನೆಯ ಕುರಿತು ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ನಾನು ಜತ್ತಿನವನು. ಕನ್ನಡ ಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿ, ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಜೋಳ, ಶೇಂಗಾಗಳ ತೂಕ ಮತ್ತು ಕೀರ್ದಿ-ಖಾತೆ ಬಿಟ್ಟರೆ ಬೇರೆ ವಿದ್ಯೆ ನನಗಿಲ್ಲ. ನನ್ನ ತಮ್ಮನ ಮಗಳು ಪುಣೆಯಲ್ಲಿ ಗೆಲಾಕ್ಸಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಗೆಲಾಕ್ಸಿ ಎಂದರೆ ಕೋಟಿ ಕೋಟಿ ನಕ್ಷತ್ರಗಳ ಒಂದು ಊರು ಅನ್ನಬಹುದು. ನಮ್ಮ ಸೂರ್ಯ ಇರುವ ಊರಿಗೆ ಆಕಾಶಗಂಗೆ ಎಂದು ಹೆಸರು. ಇಂಥ ಊರುಗಳು ಹೇಗೆ ಹುಟ್ಟಿದವು, ಹೇಗೆ ಬೆಳೆದವು ಎಂಬುದು ಅವಳ ವಿಷಯ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವೆಂಬ ಸಂಸ್ಥೆ ಮೂರು ವರ್ಷಕ್ಕೊಮ್ಮೆ ಮಹಾಸಭೆ ಸೇರಿಸುತ್ತದೆ. ಮೊದಲನೆಯದು 1922ರಲ್ಲಿ ರೋಮ್ ನಗರದಲ್ಲಿ ನಡೆಯಿತು. 1985ರಲ್ಲಿ ನಮ್ಮ ದಿಲ್ಲಿಯಲ್ಲಿ, 2024ರಲ್ಲಿ ಆಫ್ರಿಕಾದ ಕೇಪ್‌ಟೌನಿನಲ್ಲಿ ಸೇರಿತ್ತು. 2027ರ ಆಗಸ್ಟ್ ತಿಂಗಳಿನದು ಮತ್ತೆ ರೋಮಿನಲ್ಲಿ. ಅಲ್ಲಿಗೆ ಹೋಗುವ ಆಸೆ ನಮ್ಮ ಹುಡುಗಿಯದು.

ಇದೇ ಹೊತ್ತಿಗೆ ಅವಳಿಗೆ ಒಂದು ಒಳ್ಳೆಯ ಮನೆತನದಿಂದ ನೆಂಟಸ್ತನ ಬಂತು. ಹುಡುಗ ಸಭ್ಯ, ಅಂಗಡಿ ದೊಡ್ಡದು, ಮಂದಿ ಸಜ್ಜನರು. ಅವರದು ಒಂದೇ ಮಾತು: ಹುಡುಗಿ ಓದು ಮುಗಿಸಲಿ, ಆದರೆ ಪರದೇಶದ ಸಭೆ-ಗಿಭೆ ಓಡಾಟ ಬೇಡ. ತಮ್ಮನ ಹೆಂಡತಿ ನನ್ನ ಹೆಂಡತಿಯ ಹತ್ತಿರ, “ಅಕ್ಕಾ, ಚಾತುರ್ಮಾಸದಾಗ ಅಷ್ಟು ದೂರ ಒಬ್ಬಾಕಿನ್ನ ಹೆಂಗ ಕಳಸೂದು? ಉಣ್ಣೂದೇನು, ಇರೂದೆಲ್ಲಿ?” ಎಂದಳು. ತಮ್ಮ, “ಅಣ್ಣಾ, ನೀ ಹೇಳಿದಂಗ” ಎಂದು ಸುಮ್ಮನಾದ. ಮನೆಯ ಹಿರಿಯನೆಂದು ಮಾತು ನನ್ನ ಮೇಲೆ ಬಂತು. ಗೊತ್ತಿಲ್ಲದ ಮಾಲಿಗೆ ಬೆಲೆ ಕಟ್ಟಬಾರದು ಎಂಬುದು ಪೇಟೆಯ ಮೊದಲ ಪಾಠ. ಅದಕ್ಕೆ ಹುಡುಗಿ ರಜೆಗೆ ಊರಿಗೆ ಬಂದಾಗ ಅಂಗಡಿಗೇ ಕರೆದು, “ಅಲ್ಲಿ ಏನ್ ಮಾಡ್ತಾರವ್ವಾ, ನನಗ ತಿಳಿಯುವಂಗ ಹೇಳು” ಎಂದೆ. ಮೂರು ಸಂಜೆ ಹೇಳಿದಳು. ನಾನು ಕೇಳಿದೆ, ಸಿಕ್ಕ ಪುಸ್ತಕ ಓದಿದೆ.

ಸಭೆಯ ಕ್ರಮ ಹೀಗೆ. ತಿಂಗಳುಗಟ್ಟಲೆ ಮೊದಲೇ ಪ್ರತಿಯೊಬ್ಬರೂ ತಮ್ಮ ಕೆಲಸದ ಸಾರಾಂಶ ಬರೆದು ಕಳಿಸಬೇಕು. ಒಂದು ಸಮಿತಿ ಅದನ್ನು ಓದಿ ಆರಿಸುತ್ತದೆ. ಕೆಲವರಿಗೆ ಮಾತನಾಡಲು ಹತ್ತು ಹದಿನೈದು ನಿಮಿಷ, ಅದರಲ್ಲೇ ಪ್ರಶ್ನೋತ್ತರ. ಉಳಿದವರು ತಮ್ಮ ಲೆಕ್ಕವನ್ನು ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಹಚ್ಚಿ ಪಕ್ಕದಲ್ಲಿ ನಿಲ್ಲುತ್ತಾರೆ. ಬಂದವರು ಓದಿ, ‘ಈ ಅಂಕಿ ಎಲ್ಲಿಂದ ಬಂತು? ಇದರಲ್ಲಿ ಎಷ್ಟು ಹೆಚ್ಚು ಕಡಿಮೆ ಇರಬಹುದು?’ ಎಂದು ಕೇಳುತ್ತಾರೆ. ಕೇಳುವವರು ದೊಡ್ಡ ಪ್ರಶಸ್ತಿ ಪಡೆದವರಾಗಿರಬಹುದು, ನಿನ್ನೆ ಮೊನ್ನೆ ಕಾಲೇಜು ಮುಗಿಸಿದವರಾಗಿರಬಹುದು. ಉತ್ತರ ಮಾತ್ರ ಇಬ್ಬರಿಗೂ ಕೊಡಬೇಕು.

ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ನಾವು ಕೀರ್ದಿಯನ್ನು ಪಕ್ಕದ ಅಂಗಡಿಯವನಿಗೆ ತೋರಿಸುವುದುಂಟೇ? ಇವರು ತಮ್ಮ ಖಾತೆ ಪುಸ್ತಕವನ್ನು ತಾವಾಗಿ ಹೊತ್ತೊಯ್ದು, ಅದೇ ವ್ಯಾಪಾರ ಮಾಡುವ ಎದುರಾಳಿಗಳ ಮುಂದೆ ಬಿಚ್ಚಿಟ್ಟು, ತಪ್ಪಿದ್ದರೆ ಹುಡುಕಿ ಎನ್ನುತ್ತಾರೆ. ಹಾಗೆ ಬಿಚ್ಚಿಡದ ಲೆಕ್ಕಕ್ಕೆ ಅವರ ಪೇಟೆಯಲ್ಲಿ ಬೆಲೆಯೇ ಇಲ್ಲ.

ಇದರ ಹಳೆಯ ಉದಾಹರಣೆಯೊಂದಿದೆ. 1920ರ ಏಪ್ರಿಲ್ 26ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಾರ್ಲೋ ಶಾಪ್ಲಿ, ಹೀಬರ್ ಕರ್ಟಿಸ್ ಎಂಬಿಬ್ಬರು ಖಗೋಳ ವಿಜ್ಞಾನಿಗಳು ಒಂದೇ ಸಭೆಯಲ್ಲಿ ವಾದ ಮಂಡಿಸಿದರು. ಆಕಾಶಗಂಗೆಯ ಆಚೆ ಬೇರೆ ಗೆಲಾಕ್ಸಿಗಳಿಲ್ಲ, ಇರುವುದೆಲ್ಲ ಇದರೊಳಗೇ ಎಂಬುದು ಶಾಪ್ಲಿಯ ಪಕ್ಷ. ಸುರುಳಿ ಆಕಾರದಲ್ಲಿ ಕಾಣುವ ಮಸುಕು ಮೋಡಗಳು ನಮ್ಮಂಥವೇ ಬೇರೆ ಬೇರೆ ಗೆಲಾಕ್ಸಿಗಳು ಎಂಬುದು ಕರ್ಟಿಸನ ಪಕ್ಷ. ಅಂದು ತೀರ್ಪಾಗಲಿಲ್ಲ. 1925ರ ಜನವರಿ 1ರಂದು ಅದೇ ವಾಷಿಂಗ್ಟನ್ನಿನ ಇನ್ನೊಂದು ಸಭೆಯಲ್ಲಿ ಎಡ್ವಿನ್ ಹಬಲ್‌ನ ಪ್ರಬಂಧ ಓದಲ್ಪಟ್ಟಿತು. ಹಬಲ್ ತಾನೇ ಬಂದಿರಲಿಲ್ಲ. ಅವನ ಪರವಾಗಿ ಮತ್ತೊಬ್ಬ ವಿಜ್ಞಾನಿ ಓದಿದರು. ದೇವಯಾನಿ ಎಂದು ನಾವು ಕರೆಯುವ ಆಂಡ್ರೊಮಿಡಾದಲ್ಲಿ ಮಿನುಗುವ ಒಂದು ಬಗೆಯ ನಕ್ಷತ್ರಗಳನ್ನು ಗುರುತಿಸಿ, ಅವುಗಳಿಂದ ದೂರ ಅಳೆದು, ಅದು ಆಕಾಶಗಂಗೆಯಿಂದ ಬಹುದೂರದ ಬೇರೆಯೇ ಗೆಲಾಕ್ಸಿ ಎಂದು ಅವನು ತೋರಿಸಿದ್ದ. ಕರ್ಟಿಸ್ ಗೆದ್ದ. ಆದರೆ ಸೂರ್ಯ ಆಕಾಶಗಂಗೆಯ ನಡುವೆ ಇಲ್ಲ, ಒಂದು ಬದಿಗೆ ಇದೆ ಎಂದು ಶಾಪ್ಲಿ ಹೇಳಿದ್ದು ನಿಜವಾಗಿತ್ತು. ಒಬ್ಬೊಬ್ಬರ ಖಾತೆಯಲ್ಲಿ ಒಂದೊಂದು ಬಾಬು ಸರಿ ಇತ್ತು. ಎರಡನ್ನೂ ಒಟ್ಟಿಗೆ ತೆರೆದಿಟ್ಟಿದ್ದರಿಂದಲೇ ಅದು ತಿಳಿಯಿತು.

ತೂಕದ ವ್ಯಾಪಾರಿಯಾದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2011ರ ಸಂಗತಿ. ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಜಿನೀವಾದ ಪ್ರಯೋಗಾಲಯದಿಂದ ನೆಲದೊಳಗಿಂದಲೇ 730 ಕಿಲೋಮೀಟರು ದೂರದ ಇಟಲಿಯ ಪ್ರಯೋಗಾಲಯಕ್ಕೆ ಕಳಿಸಿ ವೇಳೆ ಅಳೆದರು. ಅವು ಬೆಳಕಿಗಿಂತ ಮೊದಲು ಮುಟ್ಟಿದಂತೆ ಕಂಡಿತು. ವ್ಯತ್ಯಾಸ ಎಷ್ಟು? ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ 60 ಪಾಲು. ಬೆಳಕಿಗಿಂತ ವೇಗ ಯಾವುದಕ್ಕೂ ಇಲ್ಲವೆಂಬುದು ಐನ್‌ಸ್ಟೈನರ ಕಾಲದಿಂದ ನಿಂತ ನಿಯಮ. ಆ ತಂಡ 2011ರ ಸೆಪ್ಟೆಂಬರ್ 23ರಂದು ಜಿನೀವಾದಲ್ಲಿ ಸಭೆ ಸೇರಿಸಿ, ನಮ್ಮ ಲೆಕ್ಕ ಹೀಗೆ ಬಂದಿದೆ, ಎಲ್ಲಿ ತಪ್ಪಿದೆ ನೋಡಿರಿ ಎಂದು ಜಗತ್ತಿನ ಮುಂದೆ ಇಟ್ಟಿತು.

ಆಗ ಖಗೋಳ ಶಾಸ್ತ್ರದವರು ಹಳೆಯ ಖಾತೆಯೊಂದನ್ನು ತೆಗೆದರು. 1987ರ ಫೆಬ್ರುವರಿಯಲ್ಲಿ ದಕ್ಷಿಣ ಆಕಾಶದಲ್ಲಿ ಒಂದು ನಕ್ಷತ್ರ ಸ್ಫೋಟಿಸಿದ್ದು ಕಂಡಿತ್ತು. ಅದು ಇದ್ದದ್ದು ಸುಮಾರು 1 ಲಕ್ಷ 68 ಸಾವಿರ ಜ್ಯೋತಿರ್ವರ್ಷ ದೂರ. ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರು. ಅಷ್ಟು ದೂರದಿಂದ ಬಂದ ನ್ಯೂಟ್ರಿನೊಗಳೂ ಬೆಳಕೂ ಕೆಲವೇ ತಾಸುಗಳ ಅಂತರದಲ್ಲಿ ಭೂಮಿ ಮುಟ್ಟಿದ್ದವು. ಹೊಸ ಲೆಕ್ಕ ಸರಿಯಾಗಿದ್ದರೆ ನ್ಯೂಟ್ರಿನೊಗಳು ನಾಲ್ಕು ವರ್ಷ ಮೊದಲೇ ಬರಬೇಕಿತ್ತು. ಎರಡು ಖಾತೆ ತಾಳೆಯಾಗಲಿಲ್ಲ. ಹುಡುಕಿದಾಗ, ಗಡಿಯಾರಕ್ಕೆ ಸಂಕೇತ ತರುವ ಒಂದು ಕೇಬಲ್ಲು ಸರಿಯಾಗಿ ಬಿಗಿದಿರಲಿಲ್ಲ ಎಂದು ಸಿಕ್ಕಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಕಾಟಾದ್ದೇ ದೋಷ. 2012ರ ಜೂನಿನಲ್ಲಿ ಜಪಾನಿನ ಕ್ಯೋಟೊ ಸಮ್ಮೇಳನದಲ್ಲಿ ತಿದ್ದಿದ ಲೆಕ್ಕವನ್ನು ಓದಿದರು. ಪೆಟ್ಟು ಬೀಳದೆ ಹೋಗಲಿಲ್ಲ. ಆ ತಂಡದ ಇಬ್ಬರು ಮುಖ್ಯಸ್ಥರು ಅಷ್ಟರೊಳಗೆ ಸ್ಥಾನ ಬಿಟ್ಟಿದ್ದರು. ಆದರೆ ತಪ್ಪನ್ನು ಮುಚ್ಚಿಡಲಿಲ್ಲ. ಹತ್ತು ಜನರ ಮುಂದೆ ಹೇಳಿದ್ದನ್ನು ಹತ್ತು ಜನರ ಮುಂದೆಯೇ ತಿದ್ದಿದರು.

ಇವೆಲ್ಲ ಪರದೇಶದ ಮಾತೆಂದು ತಿಳಿಯಬೇಡಿ. ಆಕಾಶದಿಂದ ಬಂದು ಬೀಳುವ ಬಲಿಷ್ಠ ಕಣಗಳಿಗೆ ಕಾಸ್ಮಿಕ್ ಕಿರಣವೆಂದು ಹೆಸರು. ಅವುಗಳ ಅಂತರರಾಷ್ಟ್ರೀಯ ಸಮ್ಮೇಳನ ಎರಡು ವರ್ಷಕ್ಕೊಮ್ಮೆ ಸೇರುತ್ತದೆ. ಅದು 1963ರಲ್ಲಿ ಜೈಪುರದಲ್ಲಿ, 1983ರಲ್ಲಿ ಬೆಂಗಳೂರಿನಲ್ಲಿ, 2005ರಲ್ಲಿ ಪುಣೆಯಲ್ಲಿ ನಡೆದಿದೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಮ್ಮ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಕೂಡಿ 1965ರಲ್ಲೇ ನ್ಯೂಟ್ರಿನೊಗಳ ಗುರುತು ಹಿಡಿದಿದ್ದರು. ಊಟಿಯ ಕೇಂದ್ರದಲ್ಲಿ ಈ ಕಣಗಳನ್ನೇ ಅಳತೆಗೋಲು ಮಾಡಿಕೊಂಡು, 2014ರ ಡಿಸೆಂಬರ್ 1ರ ಗುಡುಗು ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತೆಂದು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಇನ್ನೂ ಬಿಡಿಸದ ಒಗಟುಗಳೂ ಇವೆ. 2021ರ ಮೇ 27ರಂದು ಅಮೆರಿಕದ ಯೂಟಾ ಮರುಭೂಮಿಯಲ್ಲಿ ಒಂದು ಕಣ ಗುರುತಾಯಿತು. ಒಂದು ಇಟ್ಟಿಗೆ ಸೊಂಟದೆತ್ತರದಿಂದ ಕಾಲ ಮೇಲೆ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು ಬಲ ಆ ಒಂದೇ ಕಣದಲ್ಲಿತ್ತು. ಅದು ಬಂದ ದಿಕ್ಕಿನಲ್ಲಿ ನೋಡಿದರೆ ಹೆಚ್ಚು ಕಡಿಮೆ ಖಾಲಿ ಆಕಾಶ. ಲಾರಿ ರಸೀದಿ ಇಲ್ಲದೆ ಅಂಗಡಿಯ ಮುಂದೆ ಇಳಿದ ಮಾಲಿನಂತೆ, ಕಳಿಸಿದವರಾರೆಂದು ಇನ್ನೂ ಚರ್ಚೆ ನಡೆದಿದೆ. ಇಂಥ ಚರ್ಚೆಗಳಿಗೇ ಸಮ್ಮೇಳನ.

ಪುಣೆಯ ಒಂದು ಮಾತನ್ನು ಹೇಳಲೇಬೇಕು. ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರರು ವಿಶ್ವಕ್ಕೆ ಒಂದು ಮಹಾಸ್ಫೋಟದ ಆರಂಭವಿತ್ತೆಂಬುದನ್ನು 2025ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ. ಊಟಿಯ ರೇಡಿಯೋ ದೂರದರ್ಶಕ ಕಟ್ಟಿದ ಗೋವಿಂದ ಸ್ವರೂಪರು, ವಿಜಯ ಕಪಾಹಿಯವರು 1975ರಲ್ಲಿ ಅದರಿಂದಲೇ ಅಳೆದು, ದೂರದ ಅಂದರೆ ಹಳೆಯ ಕಾಲದ ಗೆಲಾಕ್ಸಿಗಳು ಇಂದಿನಂತೆ ಇರಲಿಲ್ಲ, ವಿಶ್ವ ಬದಲಾಗುತ್ತ ಬಂದಿದೆ ಎಂದು ತೋರಿಸಿದರು. ಎರಡೂ ಲೆಕ್ಕ ಕೂಡುವಂಥವಲ್ಲ. ಆದರೂ ನಾರ್ಳೀಕರರು ಕಟ್ಟಿದ ಆಯುಕಾ ಸಂಸ್ಥೆ, ಸ್ವರೂಪರು ಬೆಳೆಸಿದ ಎನ್‌ಸಿಆರ್‌ಎ ಸಂಸ್ಥೆ ಎರಡೂ ಪುಣೆ ವಿಶ್ವವಿದ್ಯಾಲಯದ ಒಂದೇ ಆವರಣದಲ್ಲಿವೆ. ಅದೇ ಎನ್‌ಸಿಆರ್‌ಎಯ ರಾಶಿ ಜೈನ್ ಮತ್ತು ಯೋಗೇಶ ವಾಡದೇಕರರು 2025ರಲ್ಲಿ ಒಂದು ಗೆಲಾಕ್ಸಿಯನ್ನು ಗುರುತಿಸಿ ಅಲಕನಂದಾ ಎಂದು ಹೆಸರಿಟ್ಟರು. ವಿಶ್ವಕ್ಕೆ ಬರೀ 150 ಕೋಟಿ ವರ್ಷ ವಯಸ್ಸಾಗಿದ್ದಾಗಲೇ ಅದು ಅಚ್ಚುಕಟ್ಟಾದ ಸುರುಳಿಯಾಗಿ ಬೆಳೆದು ನಿಂತಿತ್ತು. ಅಷ್ಟು ಬೇಗ ಹಾಗೆ ಬೆಳೆಯುವುದು ಕಷ್ಟವೆಂದು ತಿಳಿದವರು ಈಗ ಮತ್ತೆ ಲೆಕ್ಕ ಹಾಕಬೇಕಾಗಿದೆ.

ಇಷ್ಟು ಕೇಳಿದ ಮೇಲೆ ಹುಡುಗಿಗೆ ಒಂದು ಮಾತು ಕೇಳಿದೆ: “ಎಲ್ಲಾ ಕಂಪ್ಯೂಟರದಾಗ ಬರತದಲ್ಲ, ಹೋಗೂದೇ ಯಾಕ?” ಅವಳು, “ದೊಡ್ಡಪ್ಪಾ, ನೀವು ಶೇಂಗಾ ಫೋಟೋ ನೋಡಿ ತಗೋತೀರೇನ್ರಿ? ಮುಷ್ಟಿಯಾಗ ಹಿಡದು, ಒಡದು ನೋಡೂದಿಲ್ಲೇನ್ರಿ? ಅಲ್ಲಿ ನನ್ನ ಕೆಲಸಾನೂ ಹಂಗ ಒಡದು ನೋಡತಾರ್ರಿ” ಎಂದಳು. ನನಗೆ ಬೇರೆ ಉತ್ತರ ಬೇಕಾಗಲಿಲ್ಲ.

ತಾಯಂದಿರ ಕಾಳಜಿಯನ್ನು ನಾನು ಸಣ್ಣದೆನ್ನುವುದಿಲ್ಲ. ನಮ್ಮ ಹುಡುಗಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಗಡ್ಡೆ ತಿನ್ನುವುದಿಲ್ಲ. ಪುಣೆಯಲ್ಲೂ ಅದನ್ನು ನಡೆಸಿಕೊಂಡು ಬಂದಿದ್ದಾಳೆ. ಕಡಕ ರೊಟ್ಟಿ, ಶೇಂಗಾ ಚಟ್ನಿ, ಹುರಿಹಿಟ್ಟು ಕಟ್ಟಿಕೊಟ್ಟರೆ ಹತ್ತು ದಿನ ಹೆಚ್ಚಲ್ಲ. ಆಗಸ್ಟಿನಲ್ಲಿ ಅಲ್ಲಿ ಹೊತ್ತು ಮುಳುಗುವುದೂ ತಡವಂತೆ. ಜೊತೆಗೆ ಅವಳ ಸಂಸ್ಥೆಯ ಮಂದಿ ಇರುತ್ತಾರೆ. ಖರ್ಚಿಗೆ ಎಳೆಯ ಸಂಶೋಧಕರಿಗೆಂದು ಒಕ್ಕೂಟದವರು ಕೊಡುವ ಸಹಾಯಧನವಿದೆ. ಅದು ಸಿಗದಿದ್ದರೆ ಮನೆಯಿಂದ ಕೊಡುವುದು. ಮಗನನ್ನು ಹೊಸ ಪೇಟೆಗೆ ಕಳಿಸುವಾಗ ಬಂಡವಾಳ ಕೊಡುತ್ತೇವಲ್ಲ, ಇದೂ ಹಾಗೆಯೇ.

ನೆಂಟಸ್ತನದವರ ಮನೆಗೆ ನಾನೂ ತಮ್ಮನೂ ಹೋಗಿ ಬಂದೆವು. ಸಾರಾಂಶ ಒಪ್ಪಿಗೆಯಾದರೆ ಹುಡುಗಿ ರೋಮಿಗೆ ಹೋಗುತ್ತಾಳೆ, ಮದುವೆಯ ನಂತರವೂ ಇಂಥ ಸಭೆಗಳಿಗೆ ಹೋಗಬೇಕಾಗುತ್ತದೆ, ಇದನ್ನು ಮೊದಲೇ ಹೇಳಿದರೆ ಎರಡೂ ಮನೆಗೆ ಒಳ್ಳೆಯದು ಎಂದು ಬಿಚ್ಚಿ ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಮನೆಯಲ್ಲಿ ಕೂತು ಮಾತಾಡಿ ತಿಳಿಸುತ್ತೇವೆ ಎಂದರು. ಉತ್ತರ ಇನ್ನೂ ಬಂದಿಲ್ಲ. ಬಂದರೆ ಸಂತೋಷ. ಬರದಿದ್ದರೆ ತಮ್ಮನ ಹೆಂಡತಿಗೆ ನೋವಾಗುವುದು ನನಗೆ ಗೊತ್ತು. ಆದರೆ ಮುಚ್ಚಿಟ್ಟ ಲೆಕ್ಕದ ಮೇಲೆ ಕಟ್ಟಿದ ಸಂಬಂಧ ವ್ಯಾಪಾರದಲ್ಲೂ ನಿಲ್ಲುವುದಿಲ್ಲ, ಸಂಸಾರದಲ್ಲೂ ನಿಲ್ಲುವುದಿಲ್ಲ.

ಓದುವ ಮಕ್ಕಳಿರುವ ಮನೆಗಳಿಗೆ ನನ್ನ ವಿನಂತಿ ಇಷ್ಟೇ. ಮಕ್ಕಳು ಸಮ್ಮೇಳನಕ್ಕೆ ಹೊರಟಾಗ ಖರ್ಚು ಕೇಳಿರಿ, ಜೊತೆ ಯಾರೆಂದು ಕೇಳಿರಿ, ಅದು ನಿಮ್ಮ ಹಕ್ಕು. ಆಮೇಲೆ ಒಂದು ಸಂಜೆ ಬಿಡುವು ಮಾಡಿಕೊಂಡು ಎದುರಿಗೆ ಕೂಡಿಸಿಕೊಂಡು, ನೀನು ಅಲ್ಲಿ ಒಪ್ಪಿಸುವ ಲೆಕ್ಕ ಯಾವುದು ಎಂದು ಕೇಳಿರಿ. ಅದರಲ್ಲಿ ಅರ್ಧ ನಮಗೆ ತಿಳಿಯದಿರಬಹುದು. ಆದರೆ ಮನೆಯ ಹಿರಿಯರಿಗೆ ತಿಳಿಯುವಂತೆ ಹೇಳಲು ಕಲಿತ ಮಗು ನಾಳೆ ಯಾವ ದೇಶದ ಸಭೆಯಲ್ಲೂ ಅಂಜದೆ ನಿಲ್ಲುತ್ತದೆ.