ತಗೋರಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬೇಡ. ನಡುವೆ ಎಲ್ಲಾದರೂ ಕೂತರೆ ಹಿಂದಿನ, ಮುಂದಿನ ಮಾತೆಲ್ಲ ಕಿವಿಗೆ ಬೀಳುತ್ತದೆ. ಸುಮಾರು 40 ಕಿಲೋಮೀಟರಿನ ಆ ದಾರಿಯಲ್ಲಿ ಮರಾಠಿ, ಕನ್ನಡ ಎರಡೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಬಾಯಲ್ಲಿ ಸವೆದ ಮಾತುಗಳನ್ನು ಆಯ್ದು ಕಿಸೆಯ ಸಣ್ಣ ವಹಿಯಲ್ಲಿ ಬರೆದುಕೊಳ್ಳುವುದು ನನಗೆ ಬಹಳ ದಿನದ ಹುಚ್ಚು.

ಒಂದು ಮಾತು ಹಿಡಿದರೆ ಸಾಕು, ದಾರಿ ಸವೆಯುತ್ತದೆ. 'ಮಾಡಲಿಕ್ಕೆ ಹತ್ತಿದ್ದೇನೆ' ಎಂಬುದಕ್ಕೆ ಎಂಟು ಅಕ್ಷರ. ನಮ್ಮವರು 'ಮಾಡ್ಲಾಕತ್ತೀನಿ' ಎಂದು ಐದಕ್ಕೆ ಇಳಿಸುತ್ತಾರೆ. ದುಧನಿ ದಾಟಿ ಕಲಬುರಗಿ ಕಡೆಯವರು ಸಿಕ್ಕರೆ 'ಮಾಡ್ಲತ್ತೀನಿ', ನಾಲ್ಕೇ. ಕೆಲಸಕ್ಕೆ ಹತ್ತುವ ಆ 'ಹತ್ತು' ಹಕಾರ ಕಳೆದುಕೊಂಡರೂ 'ತ್ತ' ಎಂಬ ಪೆಟ್ಟನ್ನು ಬಿಟ್ಟುಕೊಟ್ಟಿಲ್ಲ ನೋಡಿ! ಪಕ್ಕದ ಮರಾಠಿಯ ಹುಡುಗನೂ 'ಮಾಡುತ್ತಿದ್ದೀಯ' ಎನ್ನಲು 'ಕರತ್ ಆಹೇಸ್' ಅನ್ನುವುದಿಲ್ಲ, 'ಕರತೋಯ್ಸ್' ಅನ್ನುತ್ತಾನೆ. ದೂರದ ಬೀಜಿಂಗಿನವರೂ ಹೀಗೆಯೇ, 'ಗೊತ್ತಿಲ್ಲ' ಎನ್ನಲು 'ಬು ಝಿ ದಾವ್' ಎಂಬ ಮೂರನ್ನು ಉಸಿರಿನಲ್ಲಿ ಕಲಸಿ 'ಬುರ್ದಾವ್' ಮಾಡುತ್ತಾರೆ. ದಿನಕ್ಕೆ ನೂರು ಸಲ ಆಡುವ ಮಾತೇ ಎಲ್ಲಕ್ಕಿಂತ ಮೊದಲು ಸವೆಯುತ್ತದೆ, ಮನೆಯ ಹೊಸ್ತಿಲಿನ ಹಾಗೆ.

ಹೆಸರುಗಳೂ ಹಾಗೆಯೇ. ಸೊಲ್ಲಾಪುರದ ಕೆರೆಯ ನಡುವೆ ಗುಡಿಯಿರುವ, 12ನೇ ಶತಮಾನದ ವಚನಕಾರ ಸಿದ್ಧರಾಮೇಶ್ವರ ಇಲ್ಲಿ ಓಣಿಗೊಬ್ಬ 'ಸಿದ್ರಾಮ' ಆಗಿದ್ದಾನೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಯಾವ ತಾಯಿಯಾದರೂ 'ಸಿದ್ರಾಮಾ' ಎಂದು ಕೂಗಿದರೆ ಹತ್ತು ತಲೆ ತಿರುಗುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ಊಟದ ಮನೆಯದು. 'ತೆಗೆದುಕೊಳ್ಳಿರಿ' ಎಂಬ ಆರು ಅಕ್ಷರ ನಮ್ಮ ಅವ್ವಂದಿರ ಬಾಯಲ್ಲಿ 'ತಗೋರಿ' ಎಂದು ಮೂರಾಗುತ್ತದೆ. 'ಇನ್ನೊಂದ್ ರೊಟ್ಟಿ ತಗೋರಿ.' ಏನೆಲ್ಲ ಉದುರಿದರೂ ಕೊನೆಯ 'ರಿ' ಉದುರಿಲ್ಲ. ನೋಡಿರಿ 'ನೋಡ್ರಿ' ಆಯಿತು, ಮಾಡಿರಿ 'ಮಾಡ್ರಿ' ಆಯಿತು, ಎಷ್ಟೇ ಅವಸರವಿರಲಿ ಎದುರಿನವರ ಮರ್ಯಾದೆಯ ಅಕ್ಷರವನ್ನು ಯಾರೂ ನುಂಗುವುದಿಲ್ಲ. ಹೀಗೆ ಮಾತು ಸವೆಸುವುದನ್ನು ಸೋಮಾರಿ ನಾಲಿಗೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬುದು ಈ ನಾಲಿಗೆಗೆ ಚೆನ್ನಾಗಿ ಗೊತ್ತು.

ಚಿಕ್ಕಂದಿನಲ್ಲಿ ನಾನು 'ಮಾಡ್ಲಾಕತ್ತೀನಿ' ಎಂದದ್ದಕ್ಕೆ ತರಗತಿಯಲ್ಲಿ ನಿಲ್ಲಿಸಿ ತಿದ್ದಿದ್ದರು. ಆ ಮಾತೀಗ ನನ್ನ ವಹಿಯ ಮೊದಲ ಹಾಳೆಯಲ್ಲಿದೆ. ನಿಮ್ಮ ಮನೆಯಲ್ಲಿ ಆಯಿ, ಮುತ್ಯಾ ಇದ್ದರೆ ಅವರ ಮಾತನ್ನು ತಿದ್ದಬೇಡಿರಿ. ಬಾಯಿಂದ ಬಿದ್ದ ಹಾಗೆಯೇ ಬರೆದಿಡಿರಿ.