ಸಾಕ್ಷಿಯ ಜೊತೆಗಾರರು

ಇಂದು ಮುಂಜಾನೆ ವಿಜಯಪುರದ ನ್ಯಾಯಾಲಯದ ಆವರಣದಲ್ಲಿ, ಬಬಲೇಶ್ವರದ ಕಡೆಯಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ವೃದ್ಧೆಯೊಬ್ಬಳು, ಸಮನ್ಸಿನ ಕಾಗದವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ‘ಸಾಕ್ಷಿ ಹೇಳೋರು ಎಲ್ಲಿ ನಿಂದ್ರಬೇಕ್ರಿ ಯಪ್ಪಾ?’ ಎಂದು ಕೇಳಿದಾಗ, ಉತ್ತರವರಿಯದೆ ನಾಚಿದೆನು. ಆರೋಪಿಗೆ ವಕೀಲನುಂಟು, ಸರ್ಕಾರಕ್ಕೆ ಅಭಿಯೋಜಕನುಂಟು. ಕಂಡದ್ದನ್ನು ಕಂಡಂತೆ ನುಡಿಯಲು ದಿನದ ಕೂಲಿಯನ್ನು ತೊರೆದು ಬಂದವಳ ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ. ಸಾಕ್ಷಿಗೆ ಬತ್ತೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕುಂಟೆಂದು ಅವಳಿಗೆ ತಿಳಿಹೇಳಿದವರಾದರೂ ಯಾರು?

ಶಾಸನವು ಮೌನವಾಗಿದೆಯೆಂದಲ್ಲ: ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕುರಿತಾದ ಪೋಕ್ಸೊ ಕಾಯಿದೆಯ 2020ರ ನಿಯಮಗಳ ಮೇರೆಗೆ ಮಕ್ಕಳ ಕಲ್ಯಾಣ ಸಮಿತಿಯು ನೇಮಿಸುವ ‘ಬೆಂಬಲ ವ್ಯಕ್ತಿ’ಯು ತನಿಖೆಯಿಂದ ವಿಚಾರಣೆಯವರೆಗೂ ನೊಂದ ಮಗುವಿನ ಜೊತೆಗಿರಬಹುದು, ಜೀವಭಯವುಳ್ಳ ಸಾಕ್ಷಿಗಳಿಗಾಗಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಂರಕ್ಷಣಾ ಯೋಜನೆಯೊಂದನ್ನು ಅಂಗೀಕರಿಸಿದೆ. ಬೆದರಿಕೆಯಿಲ್ಲದೆ, ಬರಿಯ ದಿಗಿಲಿನಿಂದಲೇ ನಡುಗುವ ಈ ಅಜ್ಜಿಯಂಥವರಿಗೆ?

ತಿಕೋಟಾದ ದಾರಿಯ ತೊರವಿಯಲ್ಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯವನ್ನು ಅಭ್ಯಸಿಸುತ್ತಿರುವ ಸೋದರಿಯರೇ, ಸಾಕ್ಷಿಗಳ ಜೊತೆಗೆ ನಿಲ್ಲುವ ಈ ವೃತ್ತಿಯತ್ತ ಒಮ್ಮೆ ದೃಷ್ಟಿ ಹಾಯಿಸಿರಿ. ಮಿಕ್ಕವರು ಇದಕ್ಕೊಂದು ಒಳ್ಳೆಯ ಕನ್ನಡ ಹೆಸರನ್ನಾದರೂ ಸೂಚಿಸಿರಿ; ‘ಬೆಂಬಲ ವ್ಯಕ್ತಿ’ ಎಂಬುದು ಚುನಾವಣೆಯ ಮಾತಿನಂತೆ ಕೇಳಿಸುತ್ತದೆ.