ಒಳಅಂಗಿಗೆ ಸಿಕ್ಕ ಪ್ರಮೋಷನ್

ಮಾರ್ಚ್ ಬಂದ್ರೆ ಸಾಕು, ಇನ್‌ಸ್ಟಾಗ್ರಾಂ ತುಂಬ ಬಿಳಿ ಟೀ ಶರ್ಟ್ ಮೇಲೆ ನೀಲಿ ಅಡ್ಡಪಟ್ಟೆ. ‘ಸ್ಪ್ರಿಂಗ್ ಕ್ಲಾಸಿಕ್’ ಅಂತಾರೆ. ನಮಗೆ ಸ್ಪ್ರಿಂಗ್ ಅಂದ್ರೆ ಸೆಕೆ ಮತ್ತು ಇಂಟರ್ನಲ್ಸ್. ಆದರೂ ನನ್ನ ಹತ್ರಾನೂ ಅಂಥದ್ದೊಂದಿದೆ. ಚೆನ್ನಾಗಿ ಕಾಣುತ್ತೆ, ಸುಳ್ಳು ಯಾಕೆ ಹೇಳಲಿ?

ಈ ಪಟ್ಟೆಗೆ ಸ್ಪೆಸಿಫಿಕೇಶನ್ ಇದೆ ಅಂತ ಗೊತ್ತಾದಾಗ ನನ್ನೊಳಗಿನ ಮೆಕ್ಯಾನಿಕಲ್ ಸ್ಟೂಡೆಂಟ್‌ಗೆ ಭಾರಿ ಖುಷಿಯಾಯ್ತು. 1858ರ ಮಾರ್ಚ್ 27ರ ಆದೇಶವೊಂದು ಫ್ರೆಂಚ್ ನೌಕಾಪಡೆಯ ನಾವಿಕರ ಹೆಣೆದ ಅಂಗಿ ಹೇಗಿರಬೇಕು ಅಂತ ಅಳತೆ ಸಮೇತ ಹೇಳಿತು. ಮೈಭಾಗದಲ್ಲಿ 21 ಬಿಳಿ ಪಟ್ಟೆ, ಒಂದೊಂದೂ 20 ಮಿಲಿಮೀಟರ್ ಅಗಲ. ನಡುವಿನ ನೀಲಿ ಪಟ್ಟೆ ಅದರ ಅರ್ಧ, 10 ಮಿಲಿಮೀಟರ್. 21 ಅನ್ನೋದು ನೆಪೋಲಿಯನ್ ಗೆದ್ದ ಯುದ್ಧಗಳ ಲೆಕ್ಕ ಅಂತಾನೂ ಹೇಳ್ತಾರೆ, ಆದರೆ ಅದು ಬರೀ ಕಥೆ.

ಇದು ಅಧಿಕಾರಿಗಳ ಬಟ್ಟೆ ಆಗಿರಲಿಲ್ಲ. ಡೆಕ್ ಉಜ್ಜುವ, ಹಗ್ಗ ಎಳೆಯುವ ಸಾಮಾನ್ಯ ನಾವಿಕರು ಯೂನಿಫಾರ್ಮ್ ಒಳಗೆ ಹಾಕ್ಕೊಳ್ತಿದ್ದ ಒಳಅಂಗಿ. ನಮ್ಮ ಭಾಷೇಲಿ ಹೇಳೋದಾದ್ರೆ ಬನಿಯನ್.

ಆಮೇಲೆ ಬನಿಯನ್‌ಗೆ ಪ್ರಮೋಷನ್ ಸಿಕ್ತು. ಕೊಕೊ ಶನೆಲ್ 1913ರಲ್ಲಿ ಫ್ರಾನ್ಸ್‌ನ ಸಮುದ್ರತೀರದ ದೋವಿಲ್ ಊರಲ್ಲಿ ಅಂಗಡಿ ತೆರೆದು, ಶ್ರೀಮಂತ ಹೆಂಗಸರಿಗೆ ಸಡಿಲವಾದ ಜೆರ್ಸಿ ಬಟ್ಟೆಗಳನ್ನು ಮಾರಿದಳು. ಮುಂದೆ ತಾನೇ ಪಟ್ಟೆ ಅಂಗಿ ಹಾಕ್ಕೊಂಡು ಫೋಟೊಗೆ ನಿಂತಳು. 1952ರಲ್ಲಿ ದುವಾನೋ ತೆಗೆದ ಫೋಟೊಗಳಲ್ಲಿ ಪಿಕಾಸೊ ಮೈಮೇಲೂ ಅದೇ ಪಟ್ಟೆ. 1980ರ ದಶಕದಲ್ಲಿ ಜಾನ್ ಪಾಲ್ ಗೋತಿಯೆ ಅದನ್ನು ರ್‍ಯಾಂಪ್ ಹತ್ತಿಸಿದ. ಪಟ್ಟೆ ಅದೇ, ಹಾಕ್ಕೊಂಡವರು ಬದಲಾದರು.

ಕಳೆದ ರಜೆಯಲ್ಲಿ ಆ ಟೀ ಶರ್ಟ್ ಹಾಕ್ಕೊಂಡೇ ಊರಿಗೆ ಹೋಗಿದ್ದೆ. ತಾತ ಮೇಲಿಂದ ಕೆಳಗೆ ನೋಡಿ, “ಏನ್ಲಾ ಮಗ, ನನ್ ಚಡ್ಡಿ ಬಟ್ಟೇಲಿ ಅಂಗಿ ಹೊಲಿಸ್ಕಂಡಿದ್ದೀಯಾ?” ಅಂದರು.

ತಾತನದು ಪಟಾಪಟಿ ಚಡ್ಡಿ. ಟೈಲರ್ ಹೊಲಿದದ್ದು, ದೊಡ್ಡ ಜೇಬು. ಅದರಲ್ಲಿ ದುಡ್ಡು, ಬೀಗದ ಕೈ, ಎಲೆ ಅಡಿಕೆ ಎಲ್ಲಾ ಇರುತ್ತೆ. ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದರೆ ಚಡ್ಡಿ ಕಾಣುತ್ತೆ, ಅದಕ್ಕೆ ಅವರಿಗೇನೂ ಅನ್ನಿಸಲ್ಲ. ನನ್ನ ಪಟ್ಟೆ ಅಡ್ಡ, ಅವರದು ಉದ್ದ. 90 ಡಿಗ್ರಿ ತಿರುಗಿಸಿದ್ರೆ ಎರಡೂ ಒಂದೇ. ಆದರೆ ತಾತ ನಮ್ಮ ಸಿಟಿ ಮನೆಗೆ ಬಂದಾಗ, ಕಾಲಿಂಗ್ ಬೆಲ್ ಆದ್ರೆ ಅಪ್ಪ ಮೆಲ್ಲಗೆ, “ಅಪ್ಪಾ, ಒಳಗೆ ಹೋಗಿ ಪ್ಯಾಂಟ್ ಹಾಕ್ಕೊಂಡು ಬನ್ನಿ” ಅಂತಾರೆ. ತಾತ ಏನೂ ಮಾತಾಡದೆ ಎದ್ದು ಹೋಗ್ತಾರೆ. ಅದೇ ಹಾಲ್‌ನಲ್ಲಿ ನಾನು ಪಟ್ಟೆ ಟೀ ಶರ್ಟಲ್ಲಿ ಕೂತಿದ್ರೆ ಬಂದವರು, “ಸ್ಮಾರ್ಟ್ ಆಗಿದ್ದೀಯಪ್ಪ” ಅಂತಾರೆ.

ನಮ್ಮ ಕಾಲೇಜಲ್ಲೂ ಇದೇ ಲೆಕ್ಕ. ಎಥ್ನಿಕ್ ಡೇ ದಿನ ಎಲ್ಲರೂ ಜರಿ ಪಂಚೆ, ಶಲ್ಯದಲ್ಲಿ ಮಿಂಚ್ತೀವಿ. ಯಾವನಾದ್ರೂ ಪಟಾಪಟಿ ಚಡ್ಡಿ ಹಾಕ್ಕೊಂಡು ಬಂದ್ರೆ ಅದು ಕಾಮಿಡಿ ಸ್ಕಿಟ್‌ಗೆ ಮಾತ್ರ. ಹಬ್ಬಕ್ಕೆ ಹಾಕೋದು ಸಂಸ್ಕೃತಿ, ದುಡಿಯುವಾಗ ಹಾಕೋದು ಜೋಕ್. ಯಾವಾಗ ಹೀಗಾಯ್ತೋ!

ತಾತನ ಚಡ್ಡಿ ಪ್ಯಾರಿಸ್ ರ್‍ಯಾಂಪ್ ಹತ್ತಬೇಕು ಅಂತ ನನಗೇನೂ ಆಸೆ ಇಲ್ಲ. ಹತ್ತಿದ್ರೆ ಅದರ ರೇಟು ತಾತನಿಗೇ ಕೈಗೆಟುಕಲ್ಲ. ಮುಂದಿನ ಸಲ ಬೆಲ್ ಆದಾಗ ಅವರು ಕುರ್ಚಿಯಿಂದ ಏಳದೇ ಕೂತಿದ್ರೆ ಸಾಕು. ಬಾಗಿಲು ತೆಗೆಯೋಕೆ ನಾನು ಹೋಗ್ತೀನಿ.